ಉತ್ತರ ಸರಿ ಐತಲ್ಲಕ್ಕ?

ಆ ಸೊನ್ನೆಯನ್ನು ಅಷ್ಟು ದೊಡ್ಡದಾಗಿ ಬರೆಯಬೇಕಿರಲಿಲ್ಲ. ಕೆಂಪು ಪೆನ್ನಿನಲ್ಲಿ ಸೊನ್ನೆ, ಪಕ್ಕದಲ್ಲಿ 'ಕ್ರಮ ತಪ್ಪು'. ಪಕ್ಕದ ಮನೆ ಹುಡುಗಿ ಟೆಸ್ಟ್ ಪೇಪರ್ ತಂದು ಮುಂದೆ ಹಿಡಿದಳು. "ಉತ್ತರ ಸರಿ ಐತಲ್ಲಕ್ಕ, ಮತ್ಯಾಕ ಸೊನ್ನಿ?"

ಲೆಕ್ಕ ಇಷ್ಟೇ. 75 ಕೆ.ಜಿ. ಭತ್ತದ ಚೀಲಕ್ಕೆ 1,800 ರೂಪಾಯಿ ಆದರೆ ಕ್ವಿಂಟಲ್‌ಗೆ ಎಷ್ಟು? ನಮ್ಮ ಗಂಗಾವತಿ ಕಡೆ ಭತ್ತದ ಚೀಲ ಅಂದರೆ 75 ಕೆ.ಜಿ. ಸರ್ಕಾರದ ಬೆಂಬಲ ಬೆಲೆ ಮಾತ್ರ ಕ್ವಿಂಟಲ್ ಲೆಕ್ಕದಲ್ಲಿ. ಸುಗ್ಗಿ ಬಂದರೆ ಈ ಲೆಕ್ಕ ಮಾಡದ ಮನೆ ಇಲ್ಲ.

ಕ್ಲಾಸಿನಲ್ಲಿ ಹೇಳಿಕೊಟ್ಟದ್ದು: 1,800 ಭಾಗಿಸು 75, ಕೆ.ಜಿ.ಗೆ 24. ಅದನ್ನು ನೂರರಿಂದ ಗುಣಿಸಿದರೆ 2,400. ಇವಳು ಬರೆದದ್ದು ಅವರಪ್ಪ ಹೇಳಿದ ದಾರಿ. 75 ಅಂದರೆ 25ರ ಮೂರು ಪಾಲು. ಒಂದು ಪಾಲಿಗೆ 600. ನೂರಾಗಲು ಇನ್ನೊಂದು ಪಾಲು ಬೇಕು. 1,800ಕ್ಕೆ 600 ಕೂಡಿಸಿದರೆ 2,400. ಪ್ರತಿ ಹೆಜ್ಜೆಯನ್ನೂ ಸಾಲಾಗಿ ಬರೆದಿದ್ದಾಳೆ. ಇದರಲ್ಲಿ ಯಾವ ಕ್ರಮ ತಪ್ಪು?

"ಉತ್ತರ ಸರಿ ಐತಲ್ಲಕ್ಕ?" ಅಡುಗೆ ಮಾಡುವಾಗಲೂ ಅದೇ ಕಿವಿಯಲ್ಲಿ. ಆ ಟೀಚರ್ ಕೆಟ್ಟವರಲ್ಲ, ಮಕ್ಕಳಿಗಾಗಿ ಸಂಜೆವರೆಗೂ ಕೂರುತ್ತಾರೆ. ಆದರೆ ಓದದೇ ಸೊನ್ನೆ ಹಾಕಿದ್ದಾರೆ ಅಂತಲೇ ನನಗನ್ನಿಸುತ್ತದೆ. ಓದಿದ್ದರೆ ಖುಷಿಪಡುತ್ತಿದ್ದರು. ಹುಡುಗಿಯ ಅಪ್ಪ ಐದನೇ ಕ್ಲಾಸಿಗೇ ಶಾಲೆ ಬಿಟ್ಟವರು. ಮಂಡಿಯಲ್ಲಿ ಮೋಸ ಹೋಗಬಾರದು ಅಂತ ಕಲಿತ ಲೆಕ್ಕ ಅದು. ಅದಕ್ಕೆ ಸೊನ್ನೆ ಹಾಕಿದರೆ ಮಗಳು ಮನೆಗೆ ಹೋಗಿ ಅಪ್ಪನ ಮುಖ ಹೇಗೆ ನೋಡಬೇಕು?

ಪೇಪರ್ ಪಕ್ಕಕ್ಕಿಟ್ಟು, "ಚೀಲ 60 ಕೆ.ಜಿ., ಬೆಲೆ 1,440. ಈಗ ನಿಮ್ಮಪ್ಪನ ದಾರೀಲಿ ಮಾಡು" ಅಂದೆ. ಪೆನ್ಸಿಲ್ ತುದಿ ಕಚ್ಚುತ್ತಾ ಕೂತಳು. 60ರಲ್ಲಿ 25 ಸರಿಯಾಗಿ ಕೂರಲ್ಲ. ಸ್ವಲ್ಪ ಹೊತ್ತಿಗೆ, "ಇಪ್ಪತ್ತು ಇಪ್ಪತ್ತು ಮಾಡ್ಲೇನಕ್ಕ?" ಅಂದಳು. ಮೂರು ಪಾಲಿಗೆ 1,440, ಒಂದಕ್ಕೆ 480. ನೂರಕ್ಕೆ ಐದು ಪಾಲು, 2,400. ಸೂತ್ರ ಬಾಯಿಪಾಠ ಮಾಡಿದವರಿಗೆ ಇದು ಹೊಳೆಯುತ್ತಿರಲಿಲ್ಲ.

ಆಮೇಲೆ 73 ಕೆ.ಜಿ. ಚೀಲ ಕೊಟ್ಟೆ. ಯಾವ ಪಾಲೂ ಕೂಡಿಬರಲಿಲ್ಲ. ತಾನೇ ಒಂದು ಕೆ.ಜಿ.ಗೆ ಬಂದಳು. "ಇದಕ್ಕ ಟೀಚರ್ದೇ ಚಲೋ ಐತಿ" ಅಂದಳು. ಟೀಚರ್ ದಾರಿ ಯಾಕೆ ಬೇಕು ಅಂತ ಅವಳಿಗೆ ಗೊತ್ತಾದದ್ದು ಆಗಲೇ.

ಅಷ್ಟರಲ್ಲಿ ಹುಮ್ಮಸ್ಸು ಬಂದಿತ್ತು. ನಮ್ಮ ಟಿಬಿ (ತುಂಗಭದ್ರಾ) ಡ್ಯಾಮ್‌ನಿಂದ ಲಕ್ಷ ಕ್ಯೂಸೆಕ್ ನೀರು ಬಿಟ್ಟರೆ ಒಂದು ಟಿಎಂಸಿ ಹೋಗಲು ಎಷ್ಟು ಹೊತ್ತು? ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ಅಂತಷ್ಟೇ ಹೇಳಿದೆ. ಸೊನ್ನೆಗಳನ್ನು ಒಂದೊಂದಾಗಿ ಹೊಡೆದು 10,000 ಸೆಕೆಂಡಿಗೆ ಬಂದಳು. 2 ಗಂಟೆ, 46 ನಿಮಿಷ, 40 ಸೆಕೆಂಡ್. "ಇಷ್ಟ ಹೊತ್ತಿನಾಗ ಅಷ್ಟು ನೀರಾ!" ಅಂತ ಬಾಯಿ ಬಿಟ್ಟಳು.

ಸೋಮವಾರ ಅವಳ ಜೊತೆ ಶಾಲೆಗೆ ಹೋಗುತ್ತೇನೆ, ಜಗಳಕ್ಕಲ್ಲ. ಎರಡೂ ದಾರಿಯನ್ನು ಅವಳ ಕೈಯಿಂದಲೇ ಬೋರ್ಡ್ ಮೇಲೆ ಬರೆಸಿ ಅಂತ ಟೀಚರನ್ನು ಕೇಳಬೇಕು.