ಹಬ್ಬದ ದಿನ ಮೊದಲು ಏಳೋದು ಯಾರು?

ನನಗೆ ಶಿಶುವಿಹಾರದಲ್ಲಿ ಕಲಿಸಿದ ಟೀಚರ್ ತೀರಿಕೊಂಡ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ನಾಲ್ಕೈದು ವರ್ಷದ ಮಕ್ಕಳು ಸುತ್ತ ಕೂತಿದ್ದರು. ಒಬ್ಬಳು ತನ್ನ ಮನೆಯ ಹಬ್ಬದ ಕಥೆ ಹೇಳುತ್ತಿದ್ದಳು. ಸಹೋದ್ಯೋಗಿ ಕೊಟ್ಟ ಚೀಟಿಯನ್ನು ಓದಿ ಜೇಬಿಗೆ ಹಾಕಿಕೊಂಡೆ. ಅವಳು ಮುಗಿಸುವವರೆಗೂ ಕೂತು ಕೇಳಿದೆ. ಮಗು ಹೇಳುತ್ತಿರುವಾಗ ಎದ್ದು ಹೋಗಬಾರದು ಅನ್ನುವುದನ್ನು ಕಲಿತದ್ದೇ ಆ ಟೀಚರ್ ಹತ್ತಿರ.

ನಾನು ಅವರ ತರಗತಿಯಲ್ಲಿದ್ದ ವರ್ಷ ಯಾವ ಪದ್ಯ ಬಾಯಿಪಾಠ ಮಾಡಿದೆವು, ಎಷ್ಟರವರೆಗೆ ಎಣಿಸಲು ಕಲಿತೆವು, ಒಂದೂ ನೆನಪಿಲ್ಲ. ಹಬ್ಬದ ಚೀಲ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಟೀಚರ್ ಅವರೇ ಹೊಲಿದ ಬಟ್ಟೆ ಚೀಲ ಅದು. ವಾರಕ್ಕೆ ಒಬ್ಬರ ಮನೆಗೆ ಹೋಗುತ್ತಿತ್ತು. ವಾಪಸ್ ಬರುವಾಗ, ಆ ಮನೆಯಲ್ಲಿ ಹಬ್ಬದ ದಿನ ಬಳಸುವ ಒಂದು ವಸ್ತು ಅದರೊಳಗೆ ಇರಬೇಕಿತ್ತು. ದುಡ್ಡು ಕೊಟ್ಟು ಹೊಸದಾಗಿ ತರುವ ಹಾಗಿಲ್ಲ. ಸುಮ್ನೆ ನಿಲ್ಲಿಸಿ ಮಾತಾಡು ಅಂದರೆ ಬಾಯಿ ಬಿಡದ ಮಗು ಕೂಡ, ಕೈಯಲ್ಲಿ ಮನೆಯದೊಂದು ವಸ್ತು ಇದ್ದರೆ ತಾನಾಗಿಯೇ ಮಾತಾಡುತ್ತದೆ. ಟೀಚರ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

ಅವರು ಕೇಳುವ ಪ್ರಶ್ನೆಗಳೇ ಬೇರೆ. ಈ ಹಬ್ಬ ಯಾಕೆ ಮಾಡುತ್ತಾರೆ ಅಂತ ಯಾವತ್ತೂ ಕೇಳಲಿಲ್ಲ. ನಾಲ್ಕು ವರ್ಷದ ಮಗುವಿಗೆ ಅದೆಲ್ಲ ಹೇಗೆ ಗೊತ್ತಿರುತ್ತದೆ, ಅಲ್ವಾ? "ನಿಮ್ಮನೇಲಿ ಹಬ್ಬದ ದಿನ ಮೊದಲು ಏಳೋದು ಯಾರು? ಜಾಸ್ತಿ ನಗೋದು ಯಾರು? ಜಾಸ್ತಿ ಕೆಲಸ ಯಾರಿಗೆ?" ಇಂಥವನ್ನು ಕೇಳುತ್ತಿದ್ದರು. ಯಾವ ಮನೆಯ ಮಗುವಾದರೂ ಉತ್ತರ ಹೇಳಬಹುದಿತ್ತು. ಒಬ್ಬ ಹುಡುಗಿಯ ಅಮ್ಮ ನರ್ಸ್. ಹಬ್ಬದ ದಿನ ಅವರಿಗೆ ಡ್ಯೂಟಿ. ಆ ಹುಡುಗಿ ತಲೆ ತಗ್ಗಿಸಿಕೊಂಡು, ನಮ್ಮನೇಲಿ ಮಾರನೇ ದಿನ ಮಾಡ್ತೀವಿ ಅಂದಳು. ಟೀಚರ್ ಕಣ್ಣರಳಿಸಿ, "ಹಾಗಾದ್ರೆ ಎಲ್ಲರ ಹಬ್ಬ ಮುಗಿದ ಮೇಲೆ ನಿಮ್ಮ ಹಬ್ಬ ಶುರು!" ಅಂದರು. ನಮಗೆಲ್ಲ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ನನ್ನ ಸರದಿ ಬಂದಾಗ ಚೀಲ ಖಾಲಿಯಿತ್ತು. ಆದರೂ ಎದ್ದು ನಿಂತು ಒಂದು ದೊಡ್ಡ ಸುಳ್ಳು ಹೇಳಿದೆ. ಹಬ್ಬದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಹಿಂದಕ್ಕೆ ಹಿಂದಕ್ಕೇ ನಡೆಯುತ್ತೇವೆ ಅಂದೆ. ನಡೆದೂ ತೋರಿಸಿದೆ. ಇಡೀ ತರಗತಿ ಹಿಂದಕ್ಕೆ ನಡೆಯಲು ಶುರು ಮಾಡಿತು. ಬೆಂಚು ಉರುಳಿತು, ನೀರಿನ ಬಿಂದಿಗೆ ಚೆಲ್ಲಿತು, ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದು ಅತ್ತರು. ಟೀಚರ್ ಗದರಲಿಲ್ಲ. ನೆಲ ಒರೆಸಿ ಎಲ್ಲರನ್ನೂ ಕೂರಿಸಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, "ನಿಮ್ಮನೇಲಿ ಮೊದಲು ನಡೆಯೋದು ಯಾರು ಪುಟ್ಟ?" ಅಂದರು. "ತಾತ" ಅಂದವನೇ ಅಳಲು ಶುರು ಮಾಡಿದೆ. ತಾತ ಆ ವರ್ಷವೇ ಹೋಗಿದ್ದರು. ಮನೆಯಲ್ಲಿ ಹಬ್ಬ ಇರಲಿಲ್ಲ.

ಸುಳ್ಳಿನ ಮಾತು ಅವರು ಎತ್ತಲೇ ಇಲ್ಲ. "ತಾತ ಹಬ್ಬದ ದಿನ ನಿಂಗೇನು ಮಾಡ್ತಿದ್ರು?" ಅಂದರು. ಹೊಸ ಅಂಗಿಯ ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತಿದ್ದರು ಅಂದೆ. ಟೀಚರ್ ಬೋರ್ಡಿನ ಮೇಲೆ ಒಂದು ದೊಡ್ಡ ಅಂಗಿ ಬರೆದರು. ಕೆಳಗಿನಿಂದ ಒಂದೊಂದೇ ಗುಂಡಿ ಬರೆಯುತ್ತಾ ಎಲ್ಲರಿಂದಲೂ ಎಣಿಸಿದರು. ಮರುದಿನ ಅರ್ಧ ತರಗತಿ ಗುಂಡಿಯನ್ನು ಕೆಳಗಿನಿಂದ ಹಾಕಿಕೊಂಡು ಬಂದಿತ್ತು. ನಾನು ಈಗಲೂ ಹಾಗೇ ಹಾಕಿಕೊಳ್ಳುತ್ತೇನೆ.

ಮುಂದೆ ನಾನೂ ಚಿಕ್ಕ ಮಕ್ಕಳ ಮೇಷ್ಟ್ರಾದೆ. ಈಗ ಬೇರೆ ಶಾಲೆಗಳ ಶಿಕ್ಷಕರೂ ನನ್ನ ತರಗತಿ ನೋಡಲು ಬರುತ್ತಾರೆ. ಹಬ್ಬದ ಚೀಲವನ್ನು ಹತ್ತಾರು ಕಡೆ ಶುರು ಮಾಡಿಸಿದ್ದೇನೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಒಪ್ಪಿದ್ದು 1989ರಲ್ಲಿ. ಮಗುವಿನ ತಂದೆ ತಾಯಿ, ಅದರ ಭಾಷೆ, ಅದರ ಸಂಸ್ಕೃತಿಗೆ ಶಿಕ್ಷಣ ಗೌರವ ಬೆಳೆಸಬೇಕು ಎಂದು ಅದರ 29ನೇ ವಿಧಿ ಹೇಳುತ್ತದೆ. ಅದನ್ನು ಓದಿದ ದಿನ ನನಗೆ ಕಂಡದ್ದು ಆ ಬೋರ್ಡಿನ ಮೇಲಿನ ಅಂಗಿ. ಟೀಚರ್ ಅದನ್ನು ಬರೆದದ್ದು ಆ ಒಡಂಬಡಿಕೆಗಿಂತ ಎಷ್ಟೋ ವರ್ಷ ಮೊದಲು.

ಇವತ್ತು ಎಷ್ಟೋ ಕಡೆ ಹಬ್ಬ ಅಂದರೆ ಒಂದು ದಿನದ ವೇಷ. ಅಪ್ಪ ಅಮ್ಮ ಬಟ್ಟೆ ಕೊಳ್ಳಬೇಕು, ಮಗು ಸಾಲಿನಲ್ಲಿ ನಿಲ್ಲಬೇಕು, ಫೋಟೋ ತೆಗೆದರೆ ಮುಗಿಯಿತು. ಅಮೆರಿಕದ ಶಿಕ್ಷಣ ತಜ್ಞೆ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಇಂಥದ್ದನ್ನು 'ಪ್ರವಾಸಿ' ಪಾಠಕ್ರಮ ಎಂದು ಕರೆದಿದ್ದಾರೆ. ಬೇರೆಯವರ ಬದುಕಿಗೆ ಹಬ್ಬದ ದಿನ ಮಾತ್ರ ಭೇಟಿ ಕೊಟ್ಟು ವಾಪಸ್ ಬರುವುದು ಅಂತ. ನನಗೆ ಬೇಸರವಾಗುವುದು ಇನ್ನೊಂದಕ್ಕೆ. ಅಲ್ಲಿ ಯಾರೂ ಮಗುವನ್ನು ಏನೂ ಕೇಳುವುದಿಲ್ಲ. ಮನೆಯಲ್ಲಿ ಸಾವಾದ ಮಗು, ಹಬ್ಬವನ್ನೇ ಮಾಡದ ಮನೆಯ ಮಗು ಆ ದಿನ ಎಲ್ಲಿ ನಿಲ್ಲಬೇಕು?

ಟೀಚರ್ ಮನೆಗೆ ಹೋದಾಗ ಅವರ ಮಗಳು ಚೀಲ ತೋರಿಸಿದರು. ಬಣ್ಣ ಪೂರ್ತಿ ಹೋಗಿದೆ. ಅದನ್ನು ಹಿಡಿದು ಕೂತಾಗ ಹೊಳೆಯಿತು. ನಮ್ಮೆಲ್ಲರ ಮನೆಯ ಹಬ್ಬ ಅವರಿಗೆ ಗೊತ್ತಿತ್ತು. ಅವರ ಮನೆಯ ಹಬ್ಬವನ್ನು ನಾವು ಒಬ್ಬರೂ ಕೇಳಿರಲಿಲ್ಲ. "ಅಕ್ಕ, ನಿಮ್ಮನೇಲಿ ಹಬ್ಬದ ದಿನ ಮೊದಲು ಏಳ್ತಿದ್ದದ್ದು ಯಾರು?" ಅಂದೆ.

"ಅಮ್ಮನೇ. ಆದ್ರೆ ನಾವು ಏಳೋವರೆಗೂ ದೀಪ ಹಾಕ್ತಿರಲಿಲ್ಲ. ಕತ್ತಲಲ್ಲೇ ಕೂತಿರೋರು" ಅಂದರು.