ಯುಗಾದಿಗೆ ಗ್ರ್ಯಾಂಡ್ ಕ್ಯಾನಿಯನ್: ಸ್ಪ್ರಿಂಗ್ ಬ್ರೇಕ್ ಪ್ಲಾನ್ ಇಲ್ಲಿವರೆಗೆ

ನವೆಂಬರ್ 30, 2025

ನಾವಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಮಕ್ಕಳ ಸ್ಪ್ರಿಂಗ್ ಬ್ರೇಕ್, ಅಂದರೆ ಶಾಲೆಯ ವಸಂತದ ರಜೆ, ಮಾರ್ಚ್ 16ರಿಂದ 20. ಹೋದ ವರ್ಷ ಫೆಬ್ರವರಿ ಕೊನೆಯಲ್ಲಿ ಯೋಚನೆ ಶುರು ಮಾಡಿ, ಎಲ್ಲಿ ನೋಡಿದರೂ ರೂಮ್ ದುಬಾರಿ ಅಂತ ಇಡೀ ವಾರ ಮನೆಯಲ್ಲೇ ಕಳೆದೆವು. ಅದಕ್ಕೆ ಈ ಸಲ ಈಗಲೇ ಎಕ್ಸೆಲ್ ಶೀಟ್ ತೆರೆದಿದ್ದೇನೆ.

ಮೊದಲ ಪಟ್ಟಿಯಲ್ಲಿ ಏಳು ಜಾಗ ಇದ್ದವು. ಫ್ಲೋರಿಡಾದ ಥೀಮ್ ಪಾರ್ಕ್ ಮೊದಲು ಬಿತ್ತು, ನಾಲ್ಕು ಜನರ ವಿಮಾನ ಟಿಕೆಟ್ ಮೇಲೆ ದಿನಕ್ಕೆ ಇಷ್ಟು ಅಂತ ಪ್ರವೇಶ ಶುಲ್ಕ ಕೂಡಿಸಿ ನೋಡಿ ಸುಮ್ಮನೆ ಶೀಟ್ ಮುಚ್ಚಿದೆ. ಸೌತ್ ಪಾಡ್ರೆ ಬೀಚ್ ಚಿಕ್ಕವಳ ಆಸೆ, ಆದರೆ ಆ ವಾರ ಅಲ್ಲಿ ಕಾಲೇಜು ಹುಡುಗರ ಜಾತ್ರೆ, ಆರು ವರ್ಷದವಳನ್ನು ಕರಕೊಂಡು ಹೋಗೋ ಹೊತ್ತಲ್ಲ. ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್ ನಮ್ಮ ರಾಜ್ಯದಲ್ಲೇ ಇದ್ದರೂ ಮನೆಯಿಂದ ಒಂಬತ್ತು ಗಂಟೆ ದಾರಿ. ನಮ್ಮವರು ಒಂದೇ ಮಾತು ಹೇಳಿದರು: "ಅಷ್ಟು ದೂರ ಓಡಿಸೋದೇ ಆದ್ರೆ ಇನ್ನೊಂದಿಷ್ಟು ಓಡಿಸಿ ಗ್ರ್ಯಾಂಡ್ ಕ್ಯಾನಿಯನ್ನೇ ನೋಡೋಣ."

ಅದನ್ನು ಗಟ್ಟಿ ಮಾಡಿದ್ದು ದೊಡ್ಡವನ ಕ್ಲಾಸು. ಅವನು ಈಗ ನಾಲ್ಕನೇ ಗ್ರೇಡ್. ನಾಲ್ಕನೇ ಗ್ರೇಡ್ ಮಕ್ಕಳಿಗೆ ಇಲ್ಲಿನ ನ್ಯಾಷನಲ್ ಪಾರ್ಕ್‌ಗಳಿಗೆ ಉಚಿತ ಪಾಸ್ ಇದೆ, ಆಗಸ್ಟ್ 31ರವರೆಗೆ ನಡೆಯುತ್ತೆ, ಅದೇ ಕಾರಿನಲ್ಲಿರುವ ಮನೆಯವರೂ ಅದರಲ್ಲೇ ಒಳಗೆ. ಇಲ್ಲದಿದ್ದರೆ ಕಾರಿಗೆ 35 ಡಾಲರ್. ಉಳಿಯೋದು ದೊಡ್ಡ ದುಡ್ಡೇನಲ್ಲ, ಆದರೆ "ನನ್ನ ಪಾಸಲ್ಲಿ ನೀವೆಲ್ಲ ಬರ್ತಿದೀರ" ಅಂತ ಅವನ ಗತ್ತು ನೋಡಬೇಕು. ಆನ್‌ಲೈನ್‌ನಲ್ಲಿ ಅವನೇ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಪಾಸ್ ತೆಗೆದ. ನಾನು ಪ್ರಿಂಟ್ ಹಾಕಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ.

ಡಿಸೆಂಬರ್ 14

ಒಂದು ವಾರ ಗಾಬರಿಯಲ್ಲೇ ಹೋಯ್ತು. ಕ್ಯಾನಿಯನ್‌ನ ದಕ್ಷಿಣ ಅಂಚು, ಸೌತ್ ರಿಮ್‌ಗೆ ನೀರು ತರುವ ಪೈಪ್‌ಲೈನ್ ಒಡೆದು ಡಿಸೆಂಬರ್ 6ರಿಂದ ಪಾರ್ಕ್ ಒಳಗೆ ರಾತ್ರಿ ತಂಗೋದನ್ನೇ ನಿಲ್ಲಿಸಿದರು. ಉತ್ತರದ ಅಂಚು ನಾರ್ತ್ ರಿಮ್ ಹೇಗೂ ಚಳಿಗಾಲದಲ್ಲಿ ಮುಚ್ಚಿರುತ್ತೆ, ಜೊತೆಗೆ ಅಲ್ಲಿನ ಹಳೇ ಲಾಡ್ಜ್ ಈ ಜುಲೈನ ಕಾಡ್ಗಿಚ್ಚಿನಲ್ಲಿ ಸುಟ್ಟೇ ಹೋಗಿದೆ. ಮಾರ್ಚ್ ಹೊತ್ತಿಗೆ ಪೈಪ್ ಸರಿಹೋಗಬಹುದು, ಆದರೂ ಮಕ್ಕಳನ್ನು ಕಟ್ಟಿಕೊಂಡು ಹೋಗಿ ನಲ್ಲಿ ತಿರುಗಿಸಿ ಪರೀಕ್ಷೆ ಮಾಡೋಕೆ ಆಗಲ್ಲ. ಹಾಗಾಗಿ ರೂಮ್ ಟುಸಾಯನ್‌ನಲ್ಲಿ. ಪಾರ್ಕ್ ಗೇಟಿನ ಹೊರಗೇ ಇರುವ ಪುಟ್ಟ ಊರು.

ಜನವರಿ 11, 2026

ಈ ಎಡವಟ್ಟು ಬರೆದಿಡಲೇಬೇಕು. ಟುಸಾಯನ್‌ನಲ್ಲಿ ಸೋಮವಾರದಿಂದ ಗುರುವಾರಕ್ಕೆ ಮೂರು ರಾತ್ರಿ ಬುಕ್ ಮಾಡಿದೆ, 16ರಿಂದ 19. ರೇಟ್ ಕಡಿಮೆ ಇತ್ತು, ಖುಷಿಯಾಯ್ತು. ರಾತ್ರಿ ಮಲಗೋ ಮುಂಚೆ ಈಮೇಲ್ ಇನ್ನೊಮ್ಮೆ ನೋಡಿದರೆ ಫೆಬ್ರವರಿ 16! ಈ ವರ್ಷ ಫೆಬ್ರವರಿಗೆ 28 ದಿನ, ಹಾಗಾಗಿ ಮಾರ್ಚ್ 28ರವರೆಗೆ ಎರಡೂ ತಿಂಗಳ ತಾರೀಖು, ವಾರ ಅಚ್ಚು ಹೊಡೆದ ಹಾಗೆ ಒಂದೇ. ಕಣ್ಣು ತಿಂಗಳ ಹೆಸರು ನೋಡಲೇ ಇಲ್ಲ. ಬೆಳಿಗ್ಗೆ ಫೋನ್ ಮಾಡಿ ಬದಲಾಯಿಸಿಕೊಂಡೆ, ರಾತ್ರಿಗೆ 60 ಡಾಲರ್ ಜಾಸ್ತಿಯಾಯ್ತು. ಬೈಗುಳ ತಿನ್ನಲಿಲ್ಲ, ನಗು ತಿಂದೆ. ಅದೇ ಜಾಸ್ತಿ ಚುಚ್ಚಿತು.

ಅಮ್ಮ ಹಾಸನದಿಂದ ಫೋನ್ ಮಾಡಿದಾಗ ಹೊಸ ಸಮಸ್ಯೆ ಬಂತು. "19ಕ್ಕೆ ಯುಗಾದಿ ಕಣೇ, ಹಬ್ಬದ ದಿನ ಮನೆಗೆ ಬೀಗ ಹಾಕ್ಕೊಂಡು ಹೋಗ್ತೀಯಾ?" ಇಲ್ಲಿನ ಲೆಕ್ಕದಲ್ಲೂ ಅದೇ ದಿನ. ತಾರೀಖು ಬದಲಾಯಿಸೋ ಹಾಗಿಲ್ಲ, ಶಾಲೆ ಕೇಳಲ್ಲ. ಆಗ ಹೊಳೆದದ್ದು: 19ರ ಬೆಳಿಗ್ಗೆ ನಾವು ಇನ್ನೂ ಟುಸಾಯನ್‌ನಲ್ಲೇ ಇರ್ತೀವಿ, ಸೂರ್ಯ ಹುಟ್ಟೋದು ಆರೂವರೆ ಸುಮಾರಿಗೆ, ಕ್ಯಾನಿಯನ್ ಅಂಚಿನ ಮ್ಯಾಥರ್ ಪಾಯಿಂಟ್‌ನಲ್ಲಿ ನಿಂತು ಬೇವು ಬೆಲ್ಲ ತಿಂದರೆ ಆಯ್ತಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಣ್ಣೆ ಸ್ನಾನ ಮಾತ್ರ ಬಿಡಬೇಡಿ" ಅಂದರು. ಒಪ್ಪಿಗೆ ಅಂತಲೇ ಅಂದುಕೊಂಡೆ.

ಫೆಬ್ರವರಿ 1

ದಾರಿ ಈಗ ಗಟ್ಟಿ. ಶನಿವಾರ 14ಕ್ಕೆ ಹೊರಟು ಅಮರಿಲ್ಲೊ, ಭಾನುವಾರ ಆಲ್ಬುಕರ್ಕಿ, ಸೋಮವಾರ ಕಲ್ಲಾದ ಮರಗಳಿರುವ ಪೆಟ್ರಿಫೈಡ್ ಫಾರೆಸ್ಟ್ ಪಾರ್ಕ್ ನೋಡಿಕೊಂಡು ಟುಸಾಯನ್. ಒಂದು ಕಡೆಗೆ ಸಾವಿರ ಮೈಲಿಗಿಂತ ಸ್ವಲ್ಪ ಜಾಸ್ತಿ. ವಿಮಾನದಲ್ಲಿ ಫೀನಿಕ್ಸ್‌ಗೆ ಹೋಗಿ ಅಲ್ಲಿಂದ ಬಾಡಿಗೆ ಕಾರು ಅಂತಲೂ ಲೆಕ್ಕ ಹಾಕಿದೆವು, ಅದು ಕಡಿಮೆ ದಣಿವು, ಜಾಸ್ತಿ ದುಡ್ಡು, ಮತ್ತೆ ರೈಸ್ ಕುಕ್ಕರ್ ಒಯ್ಯೋಕೆ ತಲೆನೋವು. ಅಮರಿಲ್ಲೊದಲ್ಲಿ ಹತ್ತು ಹಳೇ ಕ್ಯಾಡಿಲಾಕ್ ಕಾರುಗಳನ್ನು ಮೂತಿ ಕೆಳಗೆ ಮಾಡಿ ಹೊಲದಲ್ಲಿ ನೆಟ್ಟಿದ್ದಾರೆ, ಮೊದಲು ನೆಟ್ಟಿದ್ದು 1974ರಲ್ಲಿ, ಯಾರು ಬೇಕಾದರೂ ಹೋಗಿ ಬಣ್ಣ ಹೊಡೆಯಬಹುದು. ದೊಡ್ಡವನು ಆಗಲೇ ನೀಲಿ ಸ್ಪ್ರೇ ಡಬ್ಬಿ ಕೊಡಿಸಿಕೊಂಡಿದ್ದಾನೆ.

ಪಟ್ಟಿಯಲ್ಲಿದ್ದ ಆಂಟಲೋಪ್ ಕ್ಯಾನಿಯನ್, ಅರಿಜೋನಾದ ಇನ್ನೊಂದು ಕಿರಿದಾದ ಕಲ್ಲಿನ ಕಣಿವೆ, ಕೈಬಿಟ್ಟೆ. ಹೊಟ್ಟೆ ಉರಿಯಿತು. ಅದು ನವಾಹೋ ಜನರ ನೆಲ, ಅವರ ಗೈಡ್ ಇಲ್ಲದೆ ಒಳಗೆ ಬಿಡಲ್ಲ, ತಲೆಗೆ ಇಷ್ಟು ಅಂತ ಟಿಕೆಟ್, ಹೋಗಿ ಬರೋಕೆ ಐದು ಗಂಟೆ ಕಾರು. ಸಮಯದ ಗೊಂದಲ ಬೇರೆ: ಮಾರ್ಚ್‌ನಲ್ಲಿ ಬೇರೆ ರಾಜ್ಯಗಳ ಹಾಗೆ ಅರಿಜೋನಾದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕಲ್ಲ, ಆದರೆ ನವಾಹೋ ನಾಡಿನಲ್ಲಿ ಹಾಕ್ತಾರೆ, ಫೋನ್ ಯಾವ ಟವರ್ ಹಿಡಿಯುತ್ತೋ ಆ ಸಮಯ ತೋರಿಸುತ್ತೆ. ಇರೋ ಎರಡು ಪೂರ್ತಿ ದಿನದಲ್ಲಿ ಒಂದನ್ನು ಇದಕ್ಕೆ ಕೊಟ್ಟರೆ ಕ್ಯಾನಿಯನ್ ನೋಡೋಕೇ ಹೊತ್ತಿರಲ್ಲ. ಏಳು ಜಾಗದ ಪಟ್ಟಿ ಈಗ ಒಂದೂವರೆಗೆ ಬಂದಿದೆ.

ಮಂಗಳವಾರ ಸೌತ್ ಕೈಬಾಬ್ ದಾರಿಯಲ್ಲಿ ಊ ಆ ಪಾಯಿಂಟ್‌ವರೆಗೆ ಇಳಿಯೋದು. ಹೋಗಿ ಬರೋಕೆ 1.8 ಮೈಲಿ ಅಷ್ಟೆ, ಆದರೆ ಇಲ್ಲಿ ಬೆಟ್ಟ ಹತ್ತಿದ ಹಾಗಲ್ಲ, ಮೊದಲು ಇಳಿಯೋದು, ಸುಸ್ತಾದ ಮೇಲೆ ಹತ್ತೋದು. ಚಿಕ್ಕವಳು "ಎತ್ಕೋ" ಅನ್ನೋದು ಯಾವ ತಿರುವಿನಲ್ಲಿ ಅಂತ ನನಗೆ ಗೊತ್ತು. ಬುಧವಾರ ಕ್ಯಾನಿಯನ್ ಅಂಚಿನಲ್ಲೇ ಹೋಗುವ ಹರ್ಮಿಟ್ ರೋಡ್, ಮಾರ್ಚ್ 1ರಿಂದ ಅಲ್ಲಿ ಸ್ವಂತ ಕಾರು ಬಿಡಲ್ಲ, ಪಾರ್ಕ್ ಬಸ್ಸೇ ಗತಿ. ಒಳ್ಳೇದೇ ಆಯ್ತು, ನಮ್ಮವರೂ ಕಿಟಕಿಯಾಚೆ ನೋಡಬಹುದು.

ಫೆಬ್ರವರಿ 22

ಅಡುಗೆ ಪ್ರಯೋಗದ ವಾರ. ಪುಳಿಯೋಗರೆ ಗೊಜ್ಜು ಆಯ್ತು, ಚಟ್ನಿಪುಡಿ ಆಯ್ತು, ಗೊಜ್ಜವಲಕ್ಕಿಗೆ ಪುಡಿ ಮಾಡಿದ ಅವಲಕ್ಕಿ ಎರಡು ಡಬ್ಬಿ. ಒಗ್ಗರಣೆ ಎಲ್ಲ ಮನೆಯಲ್ಲೇ ಮುಗಿಸಬೇಕು, ಹೋಟೆಲ್ ರೂಮಿನಲ್ಲಿ ಸಾಸಿವೆ ಸಿಡಿಸಿದರೆ ಹೊಗೆ ಅಲಾರಂ ಬಡಕೊಳ್ಳುತ್ತೆ, ಒಮ್ಮೆ ಅನುಭವಿಸಿದ್ದೇವೆ. ಟುಸಾಯನ್ ಆರೂವರೆ ಸಾವಿರ ಅಡಿ ಎತ್ತರದಲ್ಲಿದೆ, ಅಲ್ಲಿ ನೀರು ಬೇಗ ಕುದಿಯುತ್ತೆ ಆದರೆ ಅಷ್ಟು ಬಿಸಿಯಾಗಲ್ಲ, ಅನ್ನ ಗಟ್ಟಿ ಉಳಿಯುತ್ತೆ. ಅಕ್ಕಿ ಅರ್ಧ ಗಂಟೆ ನೆನೆಸಿ, ನೀರು ಅರ್ಧ ಲೋಟ ಜಾಸ್ತಿ ಹಾಕೋದು ಅಂತ ಡಬ್ಬಿಯ ಮೇಲೇ ಬರೆದಿಟ್ಟೆ.

ಮಾರ್ಚ್‌ನಲ್ಲಿ ಅಲ್ಲಿ ಹಿಮ ಬಿದ್ದರೂ ಬೀಳಬಹುದು. ಬೂಟಿಗೆ ಸಿಕ್ಕಿಸೋ ಮುಳ್ಳಿನ ಪಟ್ಟಿ ನಾಲ್ಕು ಜೊತೆ ಬಂದಿವೆ. ಚಿಕ್ಕವಳದ್ದು ದೊಡ್ಡದಾಗಿದೆ, ವಾಪಸ್ ಮಾಡಬೇಕು.

ಹೋಳಿಗೆ ಇನ್ನೂ ತೀರ್ಮಾನವಾಗಿಲ್ಲ. 13ರ ರಾತ್ರಿ ಮಾಡಿ ಐಸ್ ಪೆಟ್ಟಿಗೆಯಲ್ಲಿಟ್ಟರೆ 19ರವರೆಗೆ ಇರುತ್ತಾ? ಬೇಳೆಯದ್ದು ಬೇಡ, ಕಾಯಿಯದ್ದೂ ಬೇಡ, ಸಕ್ಕರೆ ಹೋಳಿಗೆ ಮಾಡು ಅಂತ ಅಮ್ಮ. ಬೇವಿನ ಹೂವು ಒಣಗಿದ್ದು ಮನೆಯಲ್ಲೇ ಇತ್ತು, ಒಂದು ಚಮಚ ಬೆಲ್ಲದ ಪುಡಿಯಲ್ಲಿ ಬೆರೆಸಿ ಹಳೇ ಮಾತ್ರೆ ಡಬ್ಬಿಗೆ ತುಂಬಿ ಕಾರಿನ ಮುಂದಿನ ಖಾನೆಯಲ್ಲಿ ಇಟ್ಟಾಯ್ತು.

ಚಿಕ್ಕವಳ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಬಕೆಟ್, ಸಲಿಕೆ ಸಿಕ್ಕವು. ಬೀಚ್ ಅಲ್ಲ ಪುಟ್ಟಾ, ಅಂದೆ. "ಅಲ್ಲಿ ಮಣ್ಣಿದೆ ಅಲ್ವಾ?" ಅಂದಳು. ವಾಪಸ್ ಬ್ಯಾಗಿಗೇ ಹಾಕಿದೆ.