ಸುಣ್ಣದ ಗುಡ್ಡದಿಂದ ಮರಳುಗಲ್ಲಿನ ಗುಡ್ಡಕ್ಕೆ: ಸರ್ರೆಯಲ್ಲಿ ಒಂದು ಓಟ

ಲಂಡನ್ನಿನ ವಾಟರ್‌ಲೂ ಅಥವಾ ವಿಕ್ಟೋರಿಯಾದಲ್ಲಿ ರೈಲು ಹತ್ತಿದರೆ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಬಾಕ್ಸ್ ಹಿಲ್ ಅಂಡ್ ವೆಸ್ಟ್‌ಹಂಬಲ್ ಅನ್ನೋ ಪುಟ್ಟ ನಿಲ್ದಾಣ ಸಿಗುತ್ತದೆ. ಇಳಿದ ಕೂಡಲೇ ಓಡಲು ಶುರು ಮಾಡಬಹುದು, ಕಾರು ಬೇಕಿಲ್ಲ. ಇಂಗ್ಲೆಂಡಿನಲ್ಲಿ ಗುಡ್ಡದ ಓಟ ಅಂದರೆ ಎಲ್ಲರೂ ಉತ್ತರದ ಬೆಟ್ಟಸೀಮೆಯಾದ ಲೇಕ್ ಡಿಸ್ಟ್ರಿಕ್ಟ್ ಕಡೆ ಕೈ ತೋರಿಸುತ್ತಾರೆ. ನನಗೆ ಮಾತ್ರ ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಕೌಂಟಿಯಲ್ಲಿರುವ ಗುಡ್ಡಗಳು, ಸರ್ರೆ ಹಿಲ್ಸ್, ಜಾಸ್ತಿ ಇಷ್ಟ. ಬಾಕ್ಸ್ ಹಿಲ್ 224 ಮೀಟರ್, ಲೀತ್ ಹಿಲ್ 294 ಮೀಟರ್, ಅಷ್ಟೇ. ಆದರೆ ಇವೆರಡರ ನಡುವೆ ಕಾಲ ಕೆಳಗಿನ ನೆಲ ಮೂರು ಬಗೆಯಾಗುತ್ತದೆ. ಸೀಮೆಸುಣ್ಣದ ಕಲ್ಲು, ಆಮೇಲೆ ಜೇಡಿಮಣ್ಣು, ಆಮೇಲೆ ಮರಳುಗಲ್ಲು. ಓಡುವವರಿಗೆ ಇದು ಕಣ್ಣಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ.

ನಾವು ಹೋಗಿದ್ದು ಏಪ್ರಿಲ್ ಕೊನೆಯಲ್ಲಿ. ಜೊತೆಗೆ ತೀರ್ಥಹಳ್ಳಿ ಕಡೆಯ ಗೆಳೆಯನಿದ್ದ. ಬಾಕ್ಸ್ ಹಿಲ್, ರಾನ್ಮೋರ್, ಲೀತ್ ಹಿಲ್ ಮುಟ್ಟಿ ಡಾರ್ಕಿಂಗ್ ಪಟ್ಟಣಕ್ಕೆ ಇಳಿಯುವುದು ನಮ್ಮ ಲೆಕ್ಕ. ಸುಮಾರು 25 ಕಿಲೋಮೀಟರ್.

ಶುರುವಿನಲ್ಲೇ ಮೋಲ್ ನದಿ. ದಾಟಲು ನೀರಿನ ನಡುವೆ ಸಾಲಾಗಿ ಚಪ್ಪಟೆ ಕಲ್ಲುಗಳಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಶತ್ರು ದಾಟಬಾರದು ಅಂತ ಹಳೇ ಕಲ್ಲುಗಳನ್ನು ಒಡೆದು ಹಾಕಿದ್ದರು. 1946ರಲ್ಲಿ ಮತ್ತೆ ಹಾಕಿದಾಗ ಉದ್ಘಾಟನೆಗೆ ಬಂದವರು ಆಗಿನ ಪ್ರಧಾನಿ ಕ್ಲೆಮೆಂಟ್ ಆಟ್ಲೀ! ಯುದ್ಧ ಮುಗಿದು ದೇಶವೇ ಸೊರಗಿದ್ದಾಗ ಒಂದು ಕಾಲುದಾರಿಗೆ ಪ್ರಧಾನಿ ಬಿಡುವು ಮಾಡಿಕೊಂಡರು ಅನ್ನೋದು ನನಗೆ ತುಂಬಾ ಹಿಡಿಸಿದ ಸಂಗತಿ. ನದಿ ತುಂಬಿದ್ದರೆ ಈ ಕಲ್ಲುಗಳು ಮುಳುಗುತ್ತವೆ, ಆಗ ಸ್ವಲ್ಪ ಆಚೆ ಇರುವ ಕಾಲುಸೇತುವೆ ಹಿಡಿಯಬೇಕು.

ಕಲ್ಲು ದಾಟಿದ ಮೇಲೆ 275 ಮೆಟ್ಟಿಲು. ಇಲ್ಲಿ ಓಡುವ ಹಟ ಬೇಡ, ತೊಡೆ ಮೇಲೆ ಕೈ ಊರಿ ಬಿರಬಿರನೆ ನಡೆಯುವುದೇ ಸರಿ. ಎರಡೂ ಕಡೆ ಯೂ ಮರಗಳು ಮತ್ತು ಗುಡ್ಡಕ್ಕೆ ಹೆಸರು ಕೊಟ್ಟ ಬಾಕ್ಸ್ ಗಿಡಗಳು. ಒಳಗೆ ಬೆಳಕು ಕಮ್ಮಿ. ಬೇರುಗಳ ಸಂದಿಯಲ್ಲಿ ಬಿಳಿ ಸುಣ್ಣದ ಕಲ್ಲು ಕಾಣುತ್ತದೆ. ಒದ್ದೆಯಾದರೆ ಇದರಷ್ಟು ಜಾರುವ ನೆಲ ಇನ್ನೊಂದಿಲ್ಲ, ಹಲ್ಲು ಚೆನ್ನಾಗಿರುವ ಟ್ರೇಲ್ ಶೂ ಕೂಡ ಜಾರುತ್ತದೆ. ಒಣಗಿದ್ದರೆ ಮಾತ್ರ ಗಟ್ಟಿ, ಹೆಜ್ಜೆ ಚೆನ್ನಾಗಿ ಪುಟಿಯುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಇದು ಸಮುದ್ರದ ತಳ. ಕಣ್ಣಿಗೆ ಕಾಣದ ಪಾಚಿಜೀವಿಗಳ ಚಿಪ್ಪು ಪದರ ಪದರವಾಗಿ ಕೂತು ಈ ಕಲ್ಲಾಗಿದೆ. ನೀರು ಸಲೀಸಾಗಿ ಇಂಗುತ್ತದೆ, ಹಾಗಾಗಿ ಮೇಲೆ ಕೆಸರು ನಿಲ್ಲುವುದು ಕಡಿಮೆ.

ತುದಿಯಲ್ಲಿ ಸಾಲಮನ್ಸ್ ಸ್ಮಾರಕದ ಕಟ್ಟೆ. 1914ರಲ್ಲಿ ಲಿಯೊಪೋಲ್ಡ್ ಸಾಲಮನ್ಸ್ ಅನ್ನುವವರು ಗುಡ್ಡವನ್ನು ಕೊಂಡು, ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಕೊಟ್ಟರು, ಇಲ್ಲದಿದ್ದರೆ ಇಲ್ಲೂ ಮನೆಗಳು ಎದ್ದಿರುತ್ತಿದ್ದವೋ ಏನೋ. ಇಳಿಜಾರಿನ ಹುಲ್ಲು ಚಿಕ್ಕದಾಗಿಯೇ ಇರಲಿ ಅಂತ ಟ್ರಸ್ಟ್‌ನವರು ನಡುವಿಗೆ ಬಿಳಿ ಪಟ್ಟಿಯಿರುವ ಬೆಲ್ಟೆಡ್ ಗ್ಯಾಲೋವೇ ದನಗಳನ್ನು ಮೇಯಿಸುತ್ತಾರೆ. ಹುಲ್ಲು ಎತ್ತರ ಬೆಳೆದು ಪೊದೆ ಮುಚ್ಚಿಕೊಂಡರೆ ಇಲ್ಲಿನ ಆರ್ಕಿಡ್ ಹೂಗಳಿಗೂ ನೀಲಿ ಚಿಟ್ಟೆಗಳಿಗೂ ಜಾಗವಿರಲ್ಲ. 2012ರ ಒಲಿಂಪಿಕ್ಸ್ ಸೈಕಲ್ ರೇಸು ಇದೇ ಗುಡ್ಡದ ಜಿಗ್ ಜ್ಯಾಗ್ ರಸ್ತೆಯಲ್ಲಿ ನಡೆದಿತ್ತು. ಈಗಲೂ ವಾರಾಂತ್ಯದಲ್ಲಿ ಸೈಕಲ್ಲುಗಳ ಸಂತೆ, ಬೆಳಿಗ್ಗೆ ಬೇಗ ಹೋದರೆ ನೆಮ್ಮದಿ.

ಬಂದ ದಾರಿಯಲ್ಲೇ ಇಳಿದು ನದಿ ದಾಟಿ ನಾರ್ತ್ ಡೌನ್ಸ್ ವೇ ಹಿಡಿದೆವು. ಫಾರ್ನಮ್‌ನಿಂದ ಡೋವರ್ ತನಕ 246 ಕಿಲೋಮೀಟರ್ ಹೋಗುವ, 1978ರಲ್ಲಿ ತೆರೆದ ದಾರಿ ಇದು. ಕಂಬಗಳ ಮೇಲಿನ ಓಕ್ ಕಾಯಿಯ ಗುರುತು ನೋಡಿಕೊಂಡು ಹೋದರೆ ಸಾಕು. ಇಲ್ಲಿ ಅದು ಡೆನ್‌ಬೀಸ್ ದ್ರಾಕ್ಷಿ ತೋಟದ ಒಳಗೇ ಹೋಗುತ್ತದೆ. ತೋಟ ಖಾಸಗಿ, ದಾರಿ ಸಾರ್ವಜನಿಕರದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ದೇಶದಲ್ಲಿ ಓಡುವವರ ದೊಡ್ಡ ಭಾಗ್ಯವೇ ಈ ದಾರಿಹಕ್ಕು. ಜನ ತಲೆಮಾರುಗಳಿಂದ ನಡೆದ ದಾರಿಗಳನ್ನು 1949ರ ಕಾಯ್ದೆಯ ನಂತರ ಕೌನ್ಸಿಲ್‌ಗಳು ನಕ್ಷೆಯಲ್ಲಿ ದಾಖಲು ಮಾಡಿದವು. ದಾಖಲಾದ ದಾರಿಯನ್ನು ಜಮೀನಿನ ಒಡೆಯ ಮನಸ್ಸಿಗೆ ಬಂದ ಹಾಗೆ ಮುಚ್ಚುವ ಹಾಗಿಲ್ಲ. ಹಳದಿ ಬಾಣ ಇದ್ದರೆ ನಡೆಯುವವರ ದಾರಿ, ನೀಲಿ ಇದ್ದರೆ ಕುದುರೆ, ಸೈಕಲ್ಲಿಗೂ ಅವಕಾಶ. ಆರ್ಡ್‌ನೆನ್ಸ್ ಸರ್ವೇಯವರ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ, ಈ ಭಾಗಕ್ಕೆ 146ನೇ ಹಾಳೆ, ಇವೆಲ್ಲ ಹಸಿರು ಗೆರೆಗಳಾಗಿ ಕಾಣುತ್ತವೆ. ಗದ್ದೆ ನಡುವೆ, ಯಾರದ್ದೋ ಕೊಟ್ಟಿಗೆ ಪಕ್ಕ, ಬೇಲಿ ದಾಟಲು ಇಟ್ಟ ಮರದ ಮೆಟ್ಟಿಲು ಹತ್ತಿ ಇಳಿದು, ಯಾರನ್ನೂ ಕೇಳದೆ ಓಡಬಹುದು. ಗೇಟನ್ನು ಹಿಂದಿನಂತೆ ಮುಚ್ಚಬೇಕು, ಕುದುರೆ ಎದುರಾದರೆ ನಿಧಾನಿಸಿ ಒಂದು ಮಾತಾಡಬೇಕು, ಅದು ಬೆದರದಿರಲಿ ಅಂತ. ಇಷ್ಟು ಮರ್ಯಾದೆ ಸಾಕು.

ರಾನ್ಮೋರ್ ಕಾಮನ್ ಬೀಚ್ ಮರಗಳ ಕಾಡು. ಹೊಸ ಎಲೆ ಬಿಡುವ ಹೊತ್ತು, ಕೆಳಗೆ ಬ್ಲೂಬೆಲ್ ಹೂವಿನ ನೀಲಿ. ಅದನ್ನು ತುಳಿದರೆ ಮತ್ತೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು, ಫೋಟೋಗಂತ ದಾರಿ ಬಿಟ್ಟು ಒಳಗೆ ನುಗ್ಗಬೇಡಿ, ದಯವಿಟ್ಟು.

ಅಲ್ಲಿಂದ ವೆಸ್ಟ್‌ಕಾಟ್ ಕಡೆ ಇಳಿಯುತ್ತಿದ್ದ ಹಾಗೆ ಜೇಡಿಮಣ್ಣು ಶುರು. ನೀರು ಇಂಗಲ್ಲ, ಶೂಗೆ ಅಂಟಿ ಅಂಟಿ ಕಾಲು ಭಾರ. ಜಾಸ್ತಿ ಹೇಳುವುದೇನಿಲ್ಲ, ಹೆಜ್ಜೆ ಚಿಕ್ಕದು ಮಾಡಿ ದಾಟಬೇಕು.

ಆಮೇಲೆ ವುಲ್ವೆನ್ಸ್ ಲೇನ್. ಇಡೀ ಓಟದಲ್ಲಿ ನನ್ನ ಮನಸ್ಸು ನಿಂತಿದ್ದು ಇಲ್ಲಿ. ಗಾಡಿಚಕ್ರ, ಗೊರಸು, ಮಳೆನೀರು ಎಲ್ಲಾ ಸೇರಿ ಶತಮಾನಗಳ ಕಾಲ ಮೆತ್ತನೆ ಮರಳುಗಲ್ಲನ್ನು ಕೊರೆದು ಕೊರೆದು ದಾರಿಯೇ ನೆಲದೊಳಗೆ ಇಳಿದುಬಿಟ್ಟಿದೆ. ಎರಡೂ ಕಡೆ ಮಣ್ಣಿನ ಗೋಡೆ, ಅದರಿಂದ ಹೊರಬಂದ ಬೇರುಗಳು, ಮೇಲೆ ಕೊಂಬೆಗಳು ಕೂಡಿಕೊಂಡಿವೆ. "ನಮ್ಮ ಅಡಿಕೆ ತೋಟದ ಅಗಳದೊಳಗೆ ಓಡಿದಂಗೆ ಆಗ್ತದೆ ಮಾರಾಯ" ಅಂದ ಗೆಳೆಯ. ನೆಲ ಮೆತ್ತಗೆ, ಆದರೆ ಅಂಟಲ್ಲ. ಏರು ನಿಧಾನ, ಮಾತಾಡುತ್ತಲೇ ಓಡಬಹುದು. ಬೀಚ್ ಹೋಗಿ ಪೈನ್ ಬಂತು, ಹೀದರ್ ಪೊದೆ ಬಂತು. ಸುಣ್ಣದ ನೆಲ ಮುಗಿದು ಹುಳಿಮಣ್ಣು ಬಂದಿದೆ ಅಂತ ಗಿಡಗಳೇ ಹೇಳುತ್ತವೆ.

ಕೋಲ್ಡ್‌ಹಾರ್ಬರ್ ಹಳ್ಳಿ ಮುಟ್ಟಿ ಕೊನೆಯ ಏರು ಹತ್ತಿದರೆ ಲೀತ್ ಹಿಲ್ ಗೋಪುರ. 1765ರಲ್ಲಿ ಕಟ್ಟಿಸಿದ ರಿಚರ್ಡ್ ಹಲ್ ಇದರ ಅಡಿಯಲ್ಲೇ ಮಣ್ಣಾಗಿದ್ದಾರೆ. ದಕ್ಷಿಣಕ್ಕೆ ನೋಡಿದರೆ ವೀಲ್ಡ್ ಬಯಲು, ಅದರಾಚೆ ಸೌತ್ ಡೌನ್ಸ್ ಗುಡ್ಡದ ಸಾಲು. ಅದೂ ಸುಣ್ಣದ ಗುಡ್ಡವೇ. ಒಂದು ಕಾಲಕ್ಕೆ ನಾವು ಹತ್ತಿದ ಬಾಕ್ಸ್ ಹಿಲ್‌ನಿಂದ ಅಲ್ಲಿಯ ತನಕ ಒಂದೇ ಕಮಾನಾಗಿ ಸುಣ್ಣದ ಪದರವಿತ್ತಂತೆ, ನಡುವಿನದು ಸವೆದು ಹೋಗಿ ಈಗ ಎರಡು ಅಂಚು ಮಾತ್ರ ಉಳಿದಿದೆ. ಇದನ್ನು ಓದಿ ತಿಳಿಯುವುದಕ್ಕೂ, ಆ ಒಂದು ಅಂಚಿನಿಂದ ಕಾಲಲ್ಲೇ ಓಡಿ ಬಂದು ಇನ್ನೊಂದನ್ನು ನೋಡುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಗೋಪುರದ ಬುಡದಲ್ಲಿ ಚಹಾ, ಕೇಕ್ ಮಾರುತ್ತಾರೆ. ತಿಂದು ಡಾರ್ಕಿಂಗ್‌ಗೆ ಇಳಿದರೆ ಲಂಡನ್ ರೈಲು ಅಲ್ಲೇ ಸಿಗುತ್ತದೆ. ಮನೆಗೆ ಹೋದ ಮೇಲೆ ಕಾಲು, ಮೊಣಕಾಲ ಹಿಂದೆ ಉಣ್ಣಿ ಹುಳ ಕಚ್ಚಿದೆಯಾ ನೋಡಿಕೊಳ್ಳಿ, ಅದರಿಂದ ಲೈಮ್ ಅನ್ನೋ ಸೋಂಕಿನ ಕಾಯಿಲೆ ಬರಬಹುದು. ನಾವು ಮುಂದಿನ ಸಲ ಫಾರ್ನಮ್ ತುದಿಯಿಂದ ಗಿಲ್ಡ್‌ಫರ್ಡ್‌ವರೆಗೆ ಓಡೋಣ ಅಂತ ನಕ್ಷೆ ಹರಡಿಕೊಂಡು ಕೂತಿದ್ದೇವೆ.